ಗೋಡೆಯ ಮೇಲಿನ ಕೀಬೋರ್ಡ್

ನನ್ನ ದಿನಚರಿಯ ಕೊನೆಯಲ್ಲಿ ಒಂದು ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದೇನೆ. ಎಡಗಡೆ ಅವಳು, ಬಲಗಡೆ ನಾನು. ಕಂಪ್ಯೂಟರ್: ಇಪ್ಪತ್ತು, ಹತ್ತು. ಕಳೆದ ವರ್ಷ ಜೂನ್ ತಿಂಗಳಲ್ಲಿ ಲ್ಯಾಬ್ ತೆರೆದ ದಿನಗಳು: ಹದಿನೇಳು, ಸೊನ್ನೆ. ಜುಲೈ: ಇಪ್ಪತ್ತೆರಡು, ಸೊನ್ನೆ. ಬಲಗಡೆಯ ಸೊನ್ನೆಗಳನ್ನು ಬರೆಯುವಾಗ ಪೆನ್ನನ್ನು ಒತ್ತಿ ಬರೆದಿದ್ದೇನೆ. ಹಾಳೆಯ ಹಿಂಬದಿಯಲ್ಲೂ ಅವುಗಳ ಗುರುತು ಮೂಡಿದೆ.

ಅವಳು ನನ್ನ ಬಿ.ಎಡ್. ಗೆಳತಿ. ಎರಡು ವರ್ಷ ಒಂದೇ ಬೆಂಚು, ಒಂದೇ ಹಾಸ್ಟೆಲ್ ಕೋಣೆ. ಇಬ್ಬರೂ ಗಣಿತದವರು, ಇಬ್ಬರ ಹೆಸರೂ ಒಂದೇ ನೇಮಕಾತಿ ಪಟ್ಟಿಯಲ್ಲಿ ಬಂತು. ಅವಳದು ನನಗಿಂತ ಎರಡು ಹೆಸರು ಮೇಲೆ. ಆ ಎರಡು ಹೆಸರಿನ ಅಂತರ ನನಗೆ ಎಷ್ಟು ದುಬಾರಿಯಾಯಿತು ಎಂಬುದು ಕೌನ್ಸೆಲಿಂಗ್ ದಿನ ಗೊತ್ತಾಯಿತು. ದೊಡ್ಡ ಪರದೆಯ ಮೇಲೆ ಖಾಲಿ ಹುದ್ದೆಗಳ ಪಟ್ಟಿ ಇತ್ತು. ಅದರಲ್ಲಿ ಅರಸೀಕೆರೆಯದು ಒಂದೇ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಕೊಬ್ಬರಿ ಮಂಡಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅವಳ ಊರು ಬೇಲೂರು ತಾಲ್ಲೂಕಿನ ಬಿಕ್ಕೋಡು. ಅವಳು ತನ್ನ ಊರ ಕಡೆಯದನ್ನೇ ತೆಗೆದುಕೊಳ್ಳುತ್ತಾಳೆ ಎಂದು ನಾನು ಧೈರ್ಯವಾಗಿ ಕೂತಿದ್ದೆ. ಅವಳು ಎದ್ದು ಹೋಗಿ ಅರಸೀಕೆರೆ ಎಂದಳು. ಪರದೆಯಿಂದ ಆ ಸಾಲು ಮಾಯವಾಯಿತು.

ಹೊರಗೆ ಬಂದು ಕೇಳಿದ್ದಕ್ಕೆ, "ಊರ ಹತ್ರ ಇದ್ರೆ ದಿನಾ ಯಾರಾದ್ರೂ ನೆಂಟರ ಮನೆಗೆ ಕಾಫಿಗೆ ಹೋಗ್ಬೇಕು ಕಣೇ. ಅರಸೀಕೆರೇಲಿ ನಂಗೆ ಯಾರಿದಾರೆ? ಹಾಯಾಗಿರ್ತೀನಿ. ಜೊತೆಗೆ ರೈಲೂ ಐತೆ" ಎಂದು ನಕ್ಕಳು. ನಾನೂ ನಕ್ಕೆ. ನನಗೆ ಸಿಕ್ಕಿದ್ದು ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಪ್ರೌಢಶಾಲೆ. ಬೇಲೂರಿನ ಬಸ್ ನಿಲ್ದಾಣದ ಎದುರು ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಮಧ್ಯಾಹ್ನ ಜಾವಗಲ್ ಮೇಲೆ ಅರಸೀಕೆರೆಯ ಬಸ್ಸು ಹಿಡಿದು ಮನೆಗೆ ಹೋಗುತ್ತೇನೆ. ನಮ್ಮ ಮನೆಗೆ ಹೋಗುವ ಆಟೋ ಅವಳ ಶಾಲೆಯ ಕಾಂಪೌಂಡು ದಾಟಿಯೇ ಹೋಗಬೇಕು. ಮೂರು ವರ್ಷದಲ್ಲಿ ಎಷ್ಟು ಸಲ ದಾಟಿದ್ದೇನೆ ಎಂಬ ಲೆಕ್ಕವೂ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಅದು ಮೂರನೇ ವರ್ಷ. ಎಂಟನೇ ತರಗತಿಗೆ ಕಂಪ್ಯೂಟರನ್ನು ಒಂದು ವಿಷಯವಾಗಿಯೇ ಸೇರಿಸಿದರು. ಪುಸ್ತಕ ಬಂತು. ವಾರಕ್ಕೆ ಎರಡು ಪಿರಿಯಡ್ ಎಂದು ವೇಳಾಪಟ್ಟಿ ಬಂತು. ವರ್ಷದ ಕೊನೆಗೆ ಬೇರೆ ತಾಲ್ಲೂಕಿನ ಶಿಕ್ಷಕರು ಬಂದು ಪ್ರಾಯೋಗಿಕ ಪರೀಕ್ಷೆ ಮಾಡುತ್ತಾರೆ ಎಂಬ ಆದೇಶವೂ ಬಂತು. ಕಲಿಸುವವರು ಮಾತ್ರ ಬರಲಿಲ್ಲ. ಗಣಿತದವರೇ ನೋಡಿಕೊಳ್ಳಲಿ ಎಂದರು.

ನಮಗೆ ಐದು ದಿನದ ತರಬೇತಿ ಇತ್ತು. ಮುಂದೆ ನಿಂತವರು ಪರದೆಯ ಮೇಲಿದ್ದದ್ದನ್ನು ಓದಿದರು. ಅವರಿಗೂ ಹಿಂದಿನ ವಾರ ಯಾರೋ ಹಾಗೆಯೇ ಓದಿ ಹೇಳಿದ್ದರು. ನಾನು ಎಪ್ಪತ್ತೆರಡು ಪುಟ ಟಿಪ್ಪಣಿ ಮಾಡಿಕೊಂಡೆ. ಅವಳು ಪಕ್ಕದಲ್ಲೇ ಕೂತಿದ್ದಳು, ಒಂದು ಸಾಲೂ ಬರೆಯಲಿಲ್ಲ. ಎದುರಿನ ಕಂಪ್ಯೂಟರಿನಲ್ಲಿ ಏನೇನೋ ಒತ್ತುತ್ತ, ಎರಡು ಸಲ ಅದನ್ನು ಪೂರ್ತಿ ಕೆಡಿಸಿ, ಮತ್ತೆ ಸರಿಮಾಡಿಕೊಂಡಳು. "ಬಿಡೇ, ನಿನ್ ನೋಟ್ಸ್ ಫೋಟೋ ತಕ್ಕೋತೀನಿ" ಎಂದಳು. ತೆಗೆದುಕೊಳ್ಳಲೂ ಇಲ್ಲ. ಅದಕ್ಕೆ ನನಗೆ ಇನ್ನೂ ಹೆಚ್ಚು ಉರಿಯಿತು.

ನಮ್ಮ ಶಾಲೆಯ ಹತ್ತು ಕಂಪ್ಯೂಟರುಗಳು ಮೂಲೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿದ್ದವು. ಬೀಗದ ಕೈ ಹೆಡ್‌ಮಾಸ್ಟರ ಅಂಗಿಯ ಒಳಜೇಬಿನಲ್ಲಿ. ಅವರು ಒಳ್ಳೆಯವರು, ಮಕ್ಕಳಿಗೆ ಒಂದು ದಿನವೂ ಗದರಿದವರಲ್ಲ. ಆದರೆ ಆ ಕೋಣೆಯ ವಿಷಯ ಎತ್ತಿದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಆಗಸ್ಟ್ ಒಂದನೇ ತಾರೀಖು ನಾನು ಬಿಡಲಿಲ್ಲ.

"ಕೂತ್ಕೊಳ್ಳಮ್ಮ" ಎಂದು ದಾಸ್ತಾನು ಪುಸ್ತಕ ತೆಗೆದು ತೋರಿಸಿದರು. "ಇಲ್ಲಿ ಏನಂತ ಐತೆ? ಮೌಸ್ ಹತ್ತು. ಒಳಗೆ ಎಷ್ಟವೆ? ಎಂಟು. ಹಿಂದಿನವರು ಚಾರ್ಜ್ ಕೊಡೋವಾಗ ನಾನು ಎಣಿಸಲಿಲ್ಲ, ಸಹಿ ಹಾಕ್ಬಿಟ್ಟೆ. ಅಲ್ಲಿಂದ ಆ ಕೋಣೆ ನನ್ನ ತಲೆ ಮೇಲೆ ಕೂತೈತೆ. ನಾನು ಮೇ ತಿಂಗಳಲ್ಲಿ ರಿಟೈರ್ ಆಗೋನು. ಇನ್ನೊಂದು ಏನಾದ್ರೂ ಹೋದ್ರೆ ನನ್ನ ಪೆನ್ಶನ್ ಫೈಲು ಅಲ್ಲೇ ನಿಂತ್ಕೊಳ್ತದೆ."

"ಹಾಗಾದ್ರೆ ಮಕ್ಕಳಿಗೆ ಏನು ಮಾಡೋದು ಸಾರ್?"

"ಯಾರಾದ್ರೂ ಚಾರ್ಜ್ ತಗೊಂಡ್ರೆ ಈಗ್ಲೇ ಬೀಗದಕೈ ಕೊಡ್ತೀನಿ. ನೀವು ತಗೋತೀರಾ?"

ನಾನು ದಾಸ್ತಾನು ಪುಸ್ತಕ ಮುಚ್ಚಿ ಅವರ ಕಡೆ ಸರಿಸಿದೆ. ಮುಂದಿನ ವರ್ಗಾವಣೆಯಲ್ಲಿ ಅರಸೀಕೆರೆ ಕೇಳಬೇಕು ಎಂದು ದಿನ ಎಣಿಸುತ್ತಿದ್ದವಳು ನಾನು. ಬೇರೆ ಯಾರೂ ವಹಿಸಿಕೊಳ್ಳದ ಚಾರ್ಜೊಂದು ನನ್ನ ಹೆಸರಿನಲ್ಲಿದ್ದರೆ ಬಿಡುಗಡೆ ಪತ್ರ ಸಿಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು. "ಹೂಂ, ನೀವೂ ಹುಷಾರೇ" ಎಂದು ಬೇಸರವಿಲ್ಲದೆ ನಕ್ಕರು.

ಆ ಶನಿವಾರ ಅವಳಿಗೆ ಇದನ್ನು ಹೇಳಿದೆ. ಅವಳು ತನ್ನ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಮಕ್ಕಳು ಶನಿವಾರ ಮಧ್ಯಾಹ್ನವೂ ಮನೆಗೆ ಹೋಗದೆ ಗಲಾಟೆ ಮಾಡುತ್ತಿದ್ದರು.

"ನಮ್ಮಲ್ಲೂ ಹಂಗೇ ಇತ್ತು. ನನ್ನ ಹೆಸರಿಗೆ ಬರ್ಕೊಳ್ಳಿ ಸಾರ್ ಅಂದೆ, ಮುಗೀತು. ಆಗ್ಲೇ ಮೂರು ಕೀಬೋರ್ಡ್ ಹೋಗವೆ" ಎಂದಳು.

"ವರ್ಗಾವಣೆ ಬಂದ್ರೆ?"

"ಬಂದಾಗ ನೋಡ್ಕೊಂಡ್ರಾಯ್ತು ಕಣೇ. ನೀನು ಮಳೆ ಬರೋಕೆ ಮುಂಚೆನೇ ನೆನ್ಕೋತೀಯ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತಿಗೆ ನಾಲ್ಕು ಉತ್ತರ ಹೊಳೆದವು. ನಾಲ್ಕನ್ನೂ ಬರೆದಿಟ್ಟಿದ್ದೇನೆ.

ನನಗೂ ಹಟ ಬಂತು. ಸಹಿ ಹಾಕದೆಯೇ ಅವಳಿಗಿಂತ ಚೆನ್ನಾಗಿ ಕಲಿಸಿ ತೋರಿಸುತ್ತೇನೆ ಎಂದುಕೊಂಡೆ. ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ, ಸ್ಕೆಚ್ ಪೆನ್ನಿನಲ್ಲಿ ಒಂದು ದೊಡ್ಡ ಕೀಬೋರ್ಡ್ ಬರೆದೆ. ಎರಡು ಭಾನುವಾರ ಹಿಡಿಯಿತು. ಒಂದೊಂದು ಕೀಲಿಯೂ ಅಂಗೈಯಷ್ಟು ಅಗಲ. ಅದನ್ನು ತರಗತಿಯ ಗೋಡೆಗೆ ಹಚ್ಚಿ, ಭೂಪಟ ತೋರಿಸುವ ಕೋಲು ತಂದು ಪಾಠ ಶುರು ಮಾಡಿದೆ. ನಾನು ಅಕ್ಷರ ಹೇಳಬೇಕು, ಮಗು ಎದ್ದು ಬಂದು ಕೋಲಿನಲ್ಲಿ ತೋರಿಸಬೇಕು, ಸರಿಯಿದ್ದರೆ ಇಡೀ ತರಗತಿ "ಸರಿ" ಎಂದು ಕೂಗಬೇಕು. ಹಾಳೆ ಹರಿದೀತೆಂದು ಒಂದು ನಿಯಮ ಮಾಡಿದ್ದೆ: ಕೋಲು ಹಾಳೆಗೆ ತಾಗಬಾರದು, ಎರಡು ಬೆರಳು ದೂರ ಇರಬೇಕು.

ನಲವತ್ತೊಂದು ಮಕ್ಕಳು. ಪ್ರತಿಯೊಬ್ಬರ ಹೆಸರಿನ ಮುಂದೆ ಸರಿ ಎಷ್ಟು, ತಪ್ಪು ಎಷ್ಟು ಎಂದು ಗುರುತು ಹಾಕುತ್ತಿದ್ದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಮೂವತ್ತೆಂಟು ಮಕ್ಕಳು ಒಂದೂ ತಪ್ಪಿಲ್ಲದೆ ಇಪ್ಪತ್ತಾರು ಅಕ್ಷರ ತೋರಿಸುತ್ತಿದ್ದರು. ಬಿಸಿಯೂಟದ ಅಡುಗೆಯವರ ಮಗಳೊಬ್ಬಳಿದ್ದಳು. ಅವಳಂತೂ ನಾನು ಅಕ್ಷರ ಹೇಳಿ ಬಾಯಿ ಮುಚ್ಚುವುದರೊಳಗೆ ಕೋಲು ಅಲ್ಲಿಟ್ಟಿರುತ್ತಿದ್ದಳು. ಕಂಪ್ಯೂಟರ್ ಆಫ್ ಮಾಡುವ ಆರು ಹಂತಗಳನ್ನು ಮಗ್ಗಿಯಂತೆ ಹೇಳುತ್ತಿದ್ದಳು. ಹಾಳೆಯ ಫೋಟೋ ತೆಗೆದು ಶಿಕ್ಷಕರ ಗುಂಪಿಗೆ ಹಾಕಿದೆ. ಹತ್ತೊಂಬತ್ತು ಜನ ಮೆಚ್ಚಿದರು. ನನ್ನ ಗೆಳತಿ, "ಸೂಪರ್ ಕಣೇ, ಅಕ್ಷರ ಎಷ್ಟು ದುಂಡಗೆ ಬರ್ದಿದೀಯ" ಎಂದಳು. ಅಕ್ಷರದ ಬಗ್ಗೆ ಮಾತ್ರ ಹೇಳಿದಳು ಎಂಬುದನ್ನು ನಾನು ಗಮನಿಸಿದೆ.

ಫೆಬ್ರವರಿಯ ಎರಡನೇ ವಾರ ಪರೀಕ್ಷಕರ ಪಟ್ಟಿ ಬಂತು. ನಮ್ಮ ಶಾಲೆಗೆ ಬರುವವಳು ಅವಳೇ.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಬಂದಳು. ಹೆಡ್‌ಮಾಸ್ಟರು ತಾವೇ ಬೀಗ ತೆಗೆದು, ಹೊದಿಕೆ ತೆಗೆದು, ಊದುಬತ್ತಿ ಹಚ್ಚಿದರು. ಎಂಟು ಮೌಸ್‌ಗಳಿರುವ ಎಂಟು ಕಂಪ್ಯೂಟರ್ ಚಾಲು ಮಾಡಿದೆವು. ಪರೀಕ್ಷೆ ಬಹಳ ಸಣ್ಣದು: ಇಂಗ್ಲಿಷಿನಲ್ಲಿ ತನ್ನ ಹೆಸರು, ಊರಿನ ಹೆಸರು ಒತ್ತಬೇಕು, ಉಳಿಸಬೇಕು. ನಾನು ಮೊದಲಿಗೆ ಅಡುಗೆಯವರ ಮಗಳನ್ನೇ ಕೂರಿಸಿದೆ. ನಿಜ ಹೇಳಬೇಕೆಂದರೆ ಗೆಳತಿಯ ಮುಖ ನೋಡಬೇಕು ಎಂದೇ ಕೂರಿಸಿದೆ.

ಹುಡುಗಿ ಕೂತಳು. ಚಪ್ಪಲಿ ಬಿಟ್ಟು ಬಂದಿದ್ದಳು, ಕೈ ತೊಳೆದುಕೊಂಡಿದ್ದಳು. ಕತ್ತೆತ್ತಿ ಎದುರಿನ ಗೋಡೆ ನೋಡಿದಳು. ಎಡಗಡೆಯ ಗೋಡೆ ನೋಡಿದಳು. ಹಿಂದಕ್ಕೆ ತಿರುಗಿ ಅಲ್ಲಿಯೂ ನೋಡಿದಳು.

"ಏನ್ ಹುಡುಕ್ತಿದೀಯಾ ಪುಟ್ಟ?" ಎಂದು ನನ್ನ ಗೆಳತಿ ಕೇಳಿದಳು.

"ನನ್ ಹೆಸ್ರಿನ ಎಂ ಹುಡುಕ್ತಿದೀನಿ ಮಿಸ್."

"ಗೋಡೆ ಮೇಲಾ?"

"ನಮ್ ಮಿಸ್ ಅಲ್ಲೇ ತೋರ್ಸಿರದು."

"ಕೆಳಗೆ ನೋಡು, ನಿನ್ನ ಮುಂದೇನೇ ಇದೆ" ಎಂದೆ. ಹುಡುಗಿ ಬಗ್ಗಿ ನೋಡಿದಳು, ಸ್ವಲ್ಪ ಹೊತ್ತು ಹುಡುಕಿ, ತೋರುಬೆರಳನ್ನು ಕೋಲಿನ ಹಾಗೆ ನೆಟ್ಟಗೆ ಮಾಡಿ ಸರಿಯಾಗಿ ಎಂ ಮೇಲೆ ಹಿಡಿದಳು. ಎರಡು ಬೆರಳು ಎತ್ತರದಲ್ಲಿ. ಹಿಡಿದು, ನನ್ನ ಕಡೆ ತಿರುಗಿ ಕಾಯತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮಕ್ಕಳೆಲ್ಲ ಒಟ್ಟಿಗೆ "ಸರೀ" ಎಂದು ಕೂಗಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ.

ಗೆಳತಿ ನಗುತ್ತಾಳೆ ಎಂದುಕೊಂಡೆ. ನಕ್ಕಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ನೋಡಲೂ ಇಲ್ಲ. ಅಂಕದ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿ, "ಆ ಗೋಡೆದು ಬಿಚ್ಕೊಂಡು ಬನ್ರೋ" ಎಂದು ಮಕ್ಕಳಿಗೆ ಹೇಳಿದಳು. ನನ್ನ ಎರಡು ಭಾನುವಾರಗಳ ಕೆಲಸ ನಾಲ್ಕು ಮೂಲೆಯಲ್ಲಿ ನಾಲ್ಕು ಕೈ ಹಿಡಿದು ಬಂತು. ಅದನ್ನು ನೆಲದ ಮೇಲೆ ಹಾಸಿ ಅವಳೂ ಪಕ್ಕದಲ್ಲಿ ಕೂತಳು.

"ಈಗ ಮುಟ್ಟು."

"ಹರ್ದೋಯ್ತದೆ ಮಿಸ್. ನಮ್ ಮಿಸ್ ಬೈತಾರೆ."

"ಹರೀಲಿ. ನಿಮ್ಮ ಮಿಸ್ ಕೈಲಿ ನಾನು ಬೈಸ್ಕೋತೀನಿ. ನಿಮ್ಗಿಂತ ಮುಂಚಿಂದ ಬೈಸ್ಕೊಂಡು ಅಭ್ಯಾಸ ನಂಗೆ."

ಮಕ್ಕಳು ನಕ್ಕರು. ಹುಡುಗಿ ಅಂಗೈಯಿಡೀ ಎಂ ಮೇಲೆ ಊರಿದಳು. ಆಮೇಲೆ ಎಲ್ಲರೂ ನೆಲಕ್ಕೆ ಕೂತರು. ಅರ್ಧ ಗಂಟೆಯಲ್ಲಿ ಹಾಳೆ ಮೂರು ಕಡೆ ಹರಿಯಿತು. ಅಲ್ಲಿಂದ ಎದ್ದು ಎಂಟೆಂಟು ಜನರಂತೆ ಕಂಪ್ಯೂಟರಿಗೆ ಹೋದರು. ಮೊದಲ ಹುಡುಗಿ ಒತ್ತಿದ ಬೆರಳು ಎತ್ತಲು ಮರೆತು ಪರದೆಯ ತುಂಬ ಎಂ ತುಂಬಿಸಿದಳು. ಕಿರುಚಿ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡಳು. ಮತ್ತೆ ನಗುತ್ತ ಮುಂದೆ ತಂದಳು. ನಾಲ್ಕು ಗಂಟೆಯ ಹೊತ್ತಿಗೆ ನಲವತ್ತೊಂದು ಹೆಸರೂ ಕಂಪ್ಯೂಟರಿನಲ್ಲಿ ಸೇವ್ ಆಗಿದ್ದವು. ಇಡೀ ಹೊತ್ತು ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆರು ತಿಂಗಳಲ್ಲಿ ನನ್ನ ಪಿರಿಯಡ್‌ಗಳು ನಲವತ್ತನಾಲ್ಕು. ಅವಳದು ಒಂದು ದಿನ. ಮಕ್ಕಳು "ಮಿಸ್, ಮಿಸ್" ಎಂದು ಕರೆದಾಗಲೆಲ್ಲ ನಾನು ತಿರುಗುತ್ತಿದ್ದೆ. ಕರೆಯುತ್ತಿದ್ದದ್ದು ಅವಳನ್ನು.

ಸಂಜೆ ಬೇಲೂರಿನ ನನ್ನ ಕೋಣೆಗೆ ಬಂದಳು. ಕಾಫಿ ಕುಡಿಯುತ್ತ, ತನ್ನ ಮದುವೆ ನಿಶ್ಚಯವಾದ ಸುದ್ದಿ ಹೇಳಿದಳು. ಹುಡುಗ ಬೇಲೂರಿನವನು, ಅಂಚೆ ಕಚೇರಿಯಲ್ಲಿ ಕೆಲಸ. ಏಪ್ರಿಲ್‌ನಲ್ಲಿ ಮದುವೆ.

"ಅದಕ್ಕೇ ಒಂದು ಯೋಚ್ನೆ ಮಾಡಿದೀನಿ. ಪರಸ್ಪರ ವರ್ಗಾವಣೆ ಹಾಕೋಣ ಕಣೇ. ನಿಂದು ನಂಗೆ, ನಂದು ನಿಂಗೆ. ಇಬ್ರೂ ಗಣಿತ, ಇಬ್ರದೂ ಮೂರು ವರ್ಷ ಆಗೈತೆ. ಅರ್ಜಿಗೆ ಈ ತಿಂಗಳ ಕೊನೆವರೆಗೂ ಟೈಮ್ ಐತೆ. ನೀನು ನಿಮ್ಮಮ್ಮನ ಕೈ ಅಡುಗೆ ತಿನ್ಕೊಂಡು ಇಪ್ಪತ್ತು ಕಂಪ್ಯೂಟರ್ ಎಣಿಸ್ಕೊಂಡಿರು. ನಾನು ಇಲ್ಲಿಗೆ ಬತ್ತೀನಿ."

ಮೂರು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಅದು. ಊರು, ಮನೆ, ಆ ಲ್ಯಾಬು, ಎಲ್ಲ ಒಂದೇ ಸಹಿಯಲ್ಲಿ ಸಿಗುತ್ತಿತ್ತು. ಅಮ್ಮನಿಗೆ ಆಗಲೇ ಫೋನು ಮಾಡಬೇಕಿತ್ತು.

"ಇಲ್ಲಿನ ಕಂಪ್ಯೂಟರ್ ಕೋಣೆ?" ಎಂದೆ.

"ಬಂದ ದಿನಾನೇ ಚಾರ್ಜ್ ತಗೋತೀನಿ. ಆ ಹುಡುಗಿ ನೋಡ್ದೆಯಾ, ಆ ಅಡುಗೆಯವರ ಮಗಳು? ಬೆಂಕಿ ಕಣೇ ಅವಳು. ಒಂದು ವರ್ಷ ನನ್ನ ಕೈಗೆ ಕೊಡು, ನೋಡ್ತಿರು."

ನನ್ನ ಕೈಗೆ ಕೊಡು ಎಂದಳು. ನಾನು ಲೋಟಗಳನ್ನು ತೊಳೆಯಲು ಎದ್ದೆ. ಶನಿವಾರ ಅರಸೀಕೆರೆಗೆ ಹೋಗಲಿಲ್ಲ. ಭಾನುವಾರ ಕೂತು ಇನ್ನೊಂದು ಪುಟಕ್ಕೆ ಗೆರೆ ಎಳೆದೆ. ವರ್ಗಾವಣೆ ಆದರೆ ಏನು, ಆಗದಿದ್ದರೆ ಏನು? ಆದರೆ ಎಂಬ ಕಡೆ ಒಂಬತ್ತು ಲಾಭ ಬಂದವು. ಆಗದಿದ್ದರೆ ಎಂಬ ಕಡೆ ಒಂದೂ ಇಲ್ಲ. ಆದರೂ ಪ್ರತಿ ಸಲ ಕಣ್ಣ ಮುಂದೆ ಬರುತ್ತಿದ್ದದ್ದು ಒಂದೇ: ಆ ಹುಡುಗಿ ಅವಳ ಪಕ್ಕ ನೆಲದ ಮೇಲೆ ಕೂತದ್ದು, ಅವಳ ಮಾತಿಗೆ ನಕ್ಕದ್ದು. ನಾನು ಅರಸೀಕೆರೆಯಲ್ಲಿ ಅವಳು ಆಗಲೇ ಕಲಿಸಿದ ಮಕ್ಕಳ ಮುಂದೆ ನಿಂತಿರುತ್ತೇನೆ. ಅವಳು ಇಲ್ಲಿ ನಾನು ಕಲಿಸಲಾರದ ಮಕ್ಕಳಿಗೆ ಕಲಿಸುತ್ತಿರುತ್ತಾಳೆ. ಎರಡು ಕಡೆಯೂ ಅವಳೇ.

ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಹೆಡ್‌ಮಾಸ್ಟರ ಮೇಜಿನ ಮುಂದೆ ನಿಂತೆ.

"ಸಾರ್, ಕಂಪ್ಯೂಟರ್ ಕೋಣೆ ಚಾರ್ಜ್ ನನಗೆ ಬರ್ಕೊಳ್ಳಿ."

ಅವರು ಕನ್ನಡಕ ತೆಗೆದರು. "ಎರಡು ಮೌಸ್ ಕಮ್ಮಿ ಐತಮ್ಮ. ಗೊತ್ತಲ್ಲ?"

"ಎಂಟು ಅಂತಲೇ ಬರೀತೀನಿ. ಇದ್ದದ್ದು ಇದ್ದ ಹಾಗೆ. ನೀವೂ ಸಹಿ ಹಾಕಿ."

ಅವರು ತುಂಬ ಹೊತ್ತು ಯೋಚಿಸಿ ಸಹಿ ಹಾಕಿದರು. ಒಳಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟಾಗ ಅದು ಬೆಚ್ಚಗಿತ್ತು. ಅವರು ನನ್ನನ್ನು ಹೊಗಳಿದರು, ಇಂಥ ಶಿಕ್ಷಕರು ಬೇಕು ಎಂದರು. ನಾನು ಏಕೆ ಸಹಿ ಹಾಕಿದೆ ಎಂದು ಅವರಿಗೆ ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಬುಧವಾರ ಸಂಜೆ ಅವಳ ಫೋನು ಬಂತು. "ಅರ್ಜಿ ತುಂಬ್ಸಿದೀನಿ. ನಿನ್ನ ಸಹಿ ಒಂದೇ ಬಾಕಿ. ಶನಿವಾರ ಬತ್ತೀಯಲ್ಲ?"

"ಆಗಲ್ಲ ಕಣೇ. ಕಂಪ್ಯೂಟರ್ ಚಾರ್ಜ್ ನಾನೇ ತಗೊಂಡೆ. ಈಗ ಬಿಡುಗಡೆ ಸಿಗಲ್ಲ."

"ಅದಕ್ಕೇನು, ಬಂದು ನಿನ್ನಿಂದ ನಾನು ತಗೋತೀನಿ."

"ಎರಡು ಮೌಸ್ ಕಮ್ಮಿ ಇವೆ."

"ಇರ್ಲಿ ಬಿಡೇ."

"ಯುಪಿಎಸ್ ಬ್ಯಾಟರಿ ಸತ್ತೋಗಿದೆ."

"ಅದನ್ನೂ ಬರ್ಕೊಂಡು ತಗೋತೀನಿ ಅಂದ್ನಲ್ಲ."

ನೆಪಗಳು ಮುಗಿದವು. ಆ ಕಡೆ ಅರಸೀಕೆರೆಯ ರೈಲಿನ ಸದ್ದು ಕೇಳಿಸುತ್ತಿತ್ತು.

"ಕೊಡಲ್ಲ" ಎಂದೆ.

"ಏನು ಕೊಡಲ್ಲ?"

"ಆ ಮಕ್ಕಳನ್ನ."

ಅವಳು ಮೆಲ್ಲಗೆ ಕೇಳಿದಳು: "ಹೊಟ್ಟೆಕಿಚ್ಚೇನೇ?"

"ಹೌದು."

"ನನ್ನ ಮದ್ವೆ ಕಣೇ ಇದು. ದಿನಾ ಬೇಲೂರಿಂದ ಅರಸೀಕೆರೆಗೆ ಹೋಗಿ ಬರ್ಬೇಕು ನಾನು."

"ಗೊತ್ತು."

ಅವಳು ಫೋನು ಇಟ್ಟಳು. ಬೈಯಲಿಲ್ಲ. ಅರ್ಜಿಯ ತಿಂಗಳು ಕಳೆಯಿತು. ಮದುವೆಗೆ ಕರೆದಳು, ಹೋದೆ. ಫೋಟೋದಲ್ಲಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ನಿಲ್ಲಿಸಿದಳು, ಮಾತು ಮಾತ್ರ ಹೆಚ್ಚು ಆಡಲಿಲ್ಲ.

ಈ ಜೂನ್‌ನಿಂದ ಲ್ಯಾಬು ತೆರೆದಿದೆ. ಜೂನ್‌ನಲ್ಲಿ ಹದಿನಾಲ್ಕು ದಿನ. ಎರಡು ದಿನ ಕರೆಂಟು ಇರಲಿಲ್ಲ. ಅಡುಗೆಯವರ ಮಗಳು ಈಗ ಒಂಬತ್ತನೆಯವಳು, ಮಧ್ಯಾಹ್ನ ಊಟದ ತಟ್ಟೆ ತೊಳೆದು ನೇರ ಅಲ್ಲಿಗೇ ಬರುತ್ತಾಳೆ. ಒಂದು ಕೀಬೋರ್ಡಿನ ಎರಡು ಕೀಲಿ ಕಿತ್ತುಬಂದಿವೆ. ಮುರಿದದ್ದನ್ನು ದಾಸ್ತಾನು ಪುಸ್ತಕದಲ್ಲಿ ಬರೆಯುವಾಗ ಎರಡೆರಡು ಸಲ ಎಣಿಸುತ್ತೇನೆ. ಗೆಳತಿ ಹಾಗೆ ಎಣಿಸುತ್ತಿರಲಿಲ್ಲ ಎಂದು ನೆನಪಾಗುತ್ತದೆ. ಮಕ್ಕಳಿಗೆ ಕಲಿಸುವಾಗ ನೆಲದ ಮೇಲೆ ಕೂರಲು ಪ್ರಯತ್ನಿಸಿದೆ. ನಾನು ಕೂತರೆ ಅವರು ಎದ್ದು ನಿಲ್ಲುತ್ತಾರೆ.

ನನ್ನ ಕೋಣೆಯ ಕಿಟಕಿಯಿಂದ ಬೇಲೂರಿನ ಬಸ್ ನಿಲ್ದಾಣ ಕಾಣುತ್ತದೆ. ಬೆಳಗ್ಗೆ ಅರಸೀಕೆರೆಯ ಮೊದಲ ಬಸ್ಸಿಗೆ ಗೆಳತಿ ಬರುತ್ತಾಳೆ, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು. ಕೆಲವು ದಿನ ಕತ್ತೆತ್ತಿ ಕಿಟಕಿಯ ಕಡೆ ನೋಡುತ್ತಾಳೆ, ಕೆಲವು ದಿನ ಇಲ್ಲ. ನಾನು ಪರದೆ ಸರಿಸುವುದಿಲ್ಲ, ಅಂಚಿನ ಸಂದಿಯಿಂದ ನೋಡುತ್ತೇನೆ. ಬಸ್ಸು ಹೊರಟ ಮೇಲೆ ಆ ದಿನದ ಪುಟದ ಮೇಲ್ಗಡೆ ಸಮಯ ಬರೆಯುತ್ತೇನೆ. ಅದರ ಮುಂದೆ, ಅವಳಿಗೆ ಸೀಟು ಸಿಕ್ಕಿತೋ ಇಲ್ಲವೋ ಎಂಬುದನ್ನು.